ಆಸ್ಪತ್ರೆಯ ಬಾಗಿಲು ದಾಟದ ಮಾತು

ಹಲವು ವರ್ಷಗಳ ಹಿಂದೆ, ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದಾಗ, ತಾಯಿ ಮರಣಗಳ ಪರಿಶೀಲನಾ ಸಭೆಯೊಂದರಲ್ಲಿ ನಾನು ಪಾಲ್ಗೊಂಡಿದ್ದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಿ ಮನೆಗೆ ಮರಳಿದ್ದ ಇಪ್ಪತ್ತೆರಡರ ಹೆಣ್ಣುಮಗಳೊಬ್ಬಳು ಐದನೆಯ ದಿನ ನಂಜೇರಿ ತೀರಿಕೊಂಡಿದ್ದಳು. ಕಡತದಲ್ಲಿ ಎಲ್ಲವೂ ಸರಿಯಾಗಿತ್ತು. ವೈದ್ಯರಿದ್ದರು, ಔಷಧಿಯಿತ್ತು, ಆಂಬುಲೆನ್ಸ್ ಕೂಡ ಇತ್ತು. ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಶುಶ್ರೂಷಕಿಯೊಬ್ಬರು ಮೆಲುದನಿಯಲ್ಲಿ ಹೇಳಿದರು: ‘ಮನೆಗೆ ಕಳಿಸಿದ ದಿನ ಬೆಳಿಗ್ಗೆನೇ ಮೈ ಬಿಸಿ ಇತ್ತು ಸಾರ್. ಡಾಕ್ಟರು ಆಗಲೇ ಸಹಿ ಹಾಕಿದ್ದರು. ಹೇಳೋಕೆ ಧೈರ್ಯ ಬರಲಿಲ್ಲ.’ ಬಾಣಂತನಕ್ಕೆಂದು ಆಕೆ ಹೋದದ್ದು ತವರೂರಿಗೆ. ಆ ಊರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿದ್ದು ನಾಲ್ಕನೆಯ ದಿನ.

ಅಲ್ಲಿ ಕೊರತೆಯಿದ್ದದ್ದು ಹಣಕ್ಕಲ್ಲ, ಮಾತಿಗೆ. ವಾರ್ಡಿನೊಳಗೆ ಶುಶ್ರೂಷಕಿಯ ಮಾತು ವೈದ್ಯರನ್ನು ತಲುಪಲಿಲ್ಲ; ಆಸ್ಪತ್ರೆಯ ಮಾತು ಊರನ್ನು ತಲುಪಲಿಲ್ಲ. ಆರೋಗ್ಯಾಡಳಿತದ ಅಧ್ಯಯನಗಳು ಆಸ್ಪತ್ರೆಯ ತಂಡದ ನಾಯಕತ್ವವನ್ನೂ ಸಮುದಾಯದ ಆರೈಕೆಯನ್ನೂ ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುತ್ತವೆ. ಇವೆರಡೂ ಒಂದೇ ಸಮಸ್ಯೆಯ ಎರಡು ಮುಖಗಳೆಂಬುದು ನನಗೆ ಅಂದು ಮನವರಿಕೆಯಾಯಿತು.

ಈ ಪ್ರಶ್ನೆಗೆ ಇಂದು ಹೆಚ್ಚಿನ ಮಹತ್ವವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು ಸುಮಾರು ಶೇ 65. 2019-21ರ ಸಮೀಕ್ಷೆಯಲ್ಲಿ ಅದು ಶೇ 97ಕ್ಕೆ ಏರಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ತಾಯಂದಿರನ್ನು ಆಸ್ಪತ್ರೆಯ ಬಾಗಿಲಿಗೆ ತಂದ ಮೇಲೆ, ಒಳಗಿನ ತಂಡ ಹೇಗೆ ಕೆಲಸ ಮಾಡುತ್ತದೆ ಮತ್ತು ಮನೆಗೆ ಮರಳಿದವರನ್ನು ಯಾರ ಕೈಗೆ ಒಪ್ಪಿಸುತ್ತದೆ ಎಂಬುದೇ ಮುಂದಿನ ಪ್ರಶ್ನೆಯಾಗುತ್ತದೆ.

ಒಳಗಿನ ತಂಡದ ಬಗ್ಗೆ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಒಳ್ಳೆಯ ನಾಯಕತ್ವವಿರುವ ವಾರ್ಡುಗಳಲ್ಲಿ ಔಷಧಿ ನೀಡಿಕೆಯ ತಪ್ಪುಗಳು ಕಡಿಮೆಯಿರಬಹುದೆಂದು ಅವರು ಊಹಿಸಿದ್ದರು. ಸಿಕ್ಕ ಅಂಕಿಅಂಶ ತದ್ವಿರುದ್ಧವಾಗಿತ್ತು. ಅಂಥಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣ, ಆ ವಾರ್ಡುಗಳ ಶುಶ್ರೂಷಕಿಯರು ತಪ್ಪನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು. ಉಳಿದೆಡೆ ತಪ್ಪುಗಳು ಆಗುತ್ತಿರಲಿಲ್ಲವೆಂದಲ್ಲ, ಹೊರಬರುತ್ತಿರಲಿಲ್ಲ.

ಇನ್ನೊಂದು ನಿದರ್ಶನ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಶಸ್ತ್ರವೈದ್ಯ ಅತುಲ್ ಗವಾಂಡೆಯವರ ನೇತೃತ್ವದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಸರಳವಾದ ತಪಾಸಣಾ ಪಟ್ಟಿಯೊಂದನ್ನು ಪ್ರಯೋಗಿಸಿತು. ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸವನ್ನು ಹೇಳಿಕೊಳ್ಳುವುದು ಅದರಲ್ಲೊಂದು ಅಂಶ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಸ್ಪತ್ರೆಗಳೆಲ್ಲ ಇಂಥ ಪಟ್ಟಿಯನ್ನು ಅಳವಡಿಸಿಕೊಳ್ಳುವಂತೆ ಸರ್ಕಾರ ಒತ್ತಾಯಿಸಿದಾಗ ಸಾವಿನ ಪ್ರಮಾಣದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲವೆಂದು 2014ರ ಅಧ್ಯಯನ ತಿಳಿಸಿತು. ವೃತ್ತಿಜೀವನವಿಡೀ ಸುತ್ತೋಲೆ ಹೊರಡಿಸಿದ ನನ್ನಂಥವರಿಗೆ ಇದರಲ್ಲಿ ಪಾಠವಿದೆ. ಪಟ್ಟಿಯನ್ನು ಆದೇಶದಿಂದ ತರಬಹುದು, ಪರಸ್ಪರ ಆಲಿಸುವ ಅಭ್ಯಾಸವನ್ನು ತರಲಾಗದು.

ಆಸ್ಪತ್ರೆಯ ಹೊರಗಿನ ಆರೈಕೆಗೆ ಮಾದರಿ ನಮ್ಮ ನೆರೆಯಲ್ಲೇ ಇದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಮಹಿಳೆಯರಿಗೇ ತರಬೇತಿ ನೀಡಿ, ಅವರು ಮನೆಗೇ ಹೋಗಿ ನವಜಾತ ಶಿಶುಗಳ ಆರೈಕೆ ಮಾಡುವಂತೆ ಸಜ್ಜುಗೊಳಿಸಿದರು. ಆರೈಕೆಯಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶು ಮರಣ ಮೂರನೆಯ ವರ್ಷಕ್ಕೆ ಶೇ 62ರಷ್ಟು ಕಡಿಮೆಯಾದುದನ್ನು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ವರದಿ ಮಾಡಿತು. ಈ ಅನುಭವದ ಮೇಲೆ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮವು 2011ರಲ್ಲಿ ಜಾರಿಗೆ ಬಂತು. ಅದರಂತೆ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಬಾರಿ ಭೇಟಿಯಾಗಬೇಕು. ಮೊದಲ ಭೇಟಿ ಮೂರನೆಯ ದಿನ. ಆದರೆ ಬಾಣಂತಿ ಯಾವ ಊರಿಗೆ ಹೋದಳು, ಯಾವ ಎಚ್ಚರಿಕೆ ಬೇಕು ಎಂಬುದನ್ನು ಆಸ್ಪತ್ರೆ ತಿಳಿಸದಿದ್ದರೆ ಮೂರನೆಯ ದಿನ ಆಕೆ ಹೋಗುವುದಾದರೂ ಎಲ್ಲಿಗೆ?

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಷ್ಟು ಹಿಂದೆಯೇ ವೈದ್ಯ-ರೋಗಿಗಳ ನಡುವಿನ ಮಾಹಿತಿಯ ಅಸಮಾನತೆಯನ್ನು ವಿವರಿಸಿದ್ದರು. ಮಾಹಿತಿಯ ಅಸಮಾನತೆ ಆಸ್ಪತ್ರೆಯ ಶ್ರೇಣಿಗಳ ನಡುವೆಯೂ ಇದೆ. ರೋಗಿಯನ್ನು ಹೆಚ್ಚು ಹೊತ್ತು ನೋಡುವವರು ಶುಶ್ರೂಷಕಿಯರು, ಮನೆಯ ಸ್ಥಿತಿ ಬಲ್ಲವರು ಆಶಾಗಳು, ತೀರ್ಮಾನಿಸುವವರು ಇನ್ನಾರೋ. ಇದರ ಮೇಲೆ ನಮ್ಮ ಪರಿಶೀಲನಾ ಸಭೆಗಳು ‘ಸೊನ್ನೆ ಪ್ರಕರಣ’ದ ವರದಿಗೆ ಶಹಬ್ಬಾಸ್ ಎನ್ನುತ್ತವೆ, ತಪ್ಪು ಒಪ್ಪಿಕೊಂಡವರಿಗೆ ನೋಟಿಸ್ ನೀಡುತ್ತವೆ. ನಾನೂ ಅಂಥ ನೋಟಿಸುಗಳನ್ನು ಕೊಡಿಸಿದ್ದೇನೆ. ಮೌನವನ್ನು ನಾವೇ ಕಲಿಸಿದೆವು.

ಮಾಡಬಹುದಾದದ್ದು ದುಬಾರಿಯೇನಲ್ಲ. ವಾರ್ಡಿನ ಬೆಳಗಿನ ಸುತ್ತಿನಲ್ಲಿ ಮೊದಲ ಮಾತು ಶುಶ್ರೂಷಕಿಯದಾಗಲಿ. ಬಾಣಂತಿಯನ್ನು ಕಳುಹಿಸುವ ಮೊದಲು ಆಕೆ ಹೋಗಲಿರುವ ಊರಿನ ಆಶಾ ಕಾರ್ಯಕರ್ತೆಗೆ ಆಸ್ಪತ್ರೆಯಿಂದ ದೂರವಾಣಿ ಕರೆ ಹೋಗಲಿ. ಕರೆಯ ವಿವರ ತಾಯಿ ಕಾರ್ಡಿನಲ್ಲಿ ದಾಖಲಾಗಲಿ. ಆಡಳಿತ ವೈದ್ಯಾಧಿಕಾರಿಯ ಹುದ್ದೆಗೆ ಜ್ಯೇಷ್ಠತೆಯೊಂದೇ ಅರ್ಹತೆಯಾಗದೆ, ತಂಡ ನಡೆಸುವ ತರಬೇತಿಯೂ ಕನಿಷ್ಠ ಮೂರು ವರ್ಷಗಳ ಅವಧಿಯೂ ಇರಲಿ. ತಾನಾಗಿ ತಪ್ಪು ತಿಳಿಸಿದವರಿಗೆ ನೋಟಿಸಿನ ಭಯ ಬೇಡ. ನಿರ್ಲಕ್ಷ್ಯವೆಸಗಿ ಮುಚ್ಚಿಟ್ಟವರ ವಿಚಾರ ಬೇರೆ.

ಖಾಲಿ ಹುದ್ದೆಗಳನ್ನು ತುಂಬದೆ, ಪ್ರೋತ್ಸಾಹಧನ ನೆಚ್ಚಿ ದುಡಿಯುವ ಆಶಾಗಳಿಗೆ ನ್ಯಾಯ ದೊರಕಿಸದೆ ಇವೆಲ್ಲ ಉಪದೇಶವಾದೀತೆಂಬ ಆಕ್ಷೇಪ ನ್ಯಾಯವಾದುದೇ. ನಾಯಕತ್ವವು ಸಿಬ್ಬಂದಿಗೆ ಬದಲಿಯಲ್ಲ. ಆದರೆ ಆ ತಾಲ್ಲೂಕು ಆಸ್ಪತ್ರೆಯಲ್ಲಿ ಅಂದು ಸಿಬ್ಬಂದಿಯಿತ್ತು. ಜ್ವರವನ್ನು ಗುರುತಿಸಿದ ಕಣ್ಣೂ ಇತ್ತು. ಆಕೆಯ ಮಾತನ್ನು ನಾವು ಕೇಳಿದ್ದು ಮರಣ ಪರಿಶೀಲನಾ ಸಭೆಯಲ್ಲಿ. ಕೇಳಬೇಕಾಗಿದ್ದದ್ದು ವಾರ್ಡಿನಲ್ಲಿ, ಆ ಹೆಣ್ಣುಮಗಳು ಬದುಕಿದ್ದಾಗ.