ಪರಿಮಳಕ್ಕಿಂತ ಮೊದಲು ಬತ್ತಿ

ಸುಗಂಧದ ಮೇಣದಬತ್ತಿ ಮಾಡುವವರ ಮನೆಯೆಂದರೆ ಬಾಗಿಲಲ್ಲೇ ಲ್ಯಾವೆಂಡರ್, ವೆನಿಲ್ಲಾ ಮೂಗಿಗೆ ಅಡರಬೇಕು ಎಂದು ಲೆಕ್ಕ ಹಾಕಿದವರಿಗೆ ಮೈಸೂರಿನ ಕುವೆಂಪುನಗರದ ಈ ಮನೆ ನಿರಾಸೆ ಮಾಡುತ್ತದೆ. ಇಲ್ಲಿ ಮೊದಲು ಕೈಗೆ ಬರುವುದು ಕಾಫಿ, ಆಮೇಲೆ ಒಂದು ನೋಟ್‌ಬುಕ್. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತರಾದ ಮನೆಯೊಡತಿ ಹೆಸರು ಹಾಕುವುದು ಬೇಡ ಎಂದರು. ಬೀದಿಯವರೆಲ್ಲ ‘ಮೇಡಂ’ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ.

ನೋಟ್‌ಬುಕ್ಕಿನಲ್ಲಿ ಅವರು ಎರೆದ ಒಂದೊಂದು ಮೇಣದಬತ್ತಿಯ ಜಾತಕವೂ ಇದೆ. ಲೋಟದ ಅಗಲ, ಮೇಣದ ತೂಕ, ಒಳಗಿನ ಬತ್ತಿಯ ನಂಬರು, ಸುಗಂಧದ ಎಣ್ಣೆ ಎಷ್ಟು ಗ್ರಾಂ, ಎರೆದಾಗ ಎಷ್ಟು ಡಿಗ್ರಿ. ಅದರ ಕೆಳಗೆ ಗಂಟೆಗಂಟೆಯ ವರದಿ: ಕರಗಿದ ಮೇಣ ಎಲ್ಲಿಯವರೆಗೆ ಹರಡಿತು, ಜ್ವಾಲೆ ಎಷ್ಟು ಎತ್ತರ, ಗಾಜಿಗೆ ಮಸಿ ಹಿಡಿಯಿತೇ. ಕೊನೆಯಲ್ಲಿ ಕೆಂಪು ಶಾಯಿಯ ಷರಾ. ‘ಅಂಚು ಮುಟ್ಟಲಿಲ್ಲ’, ‘ಅಣಬೆ’, ‘ಮಲ್ಲಿಗೆ ಸರಿ, ಬತ್ತಿ ಫೇಲ್’. ಉತ್ತರಪತ್ರಿಕೆ ತಿದ್ದಿದ ಕೈ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ.

“ಎಲ್ರೂ ಪರಿಮಳದಿಂದ ಶುರು ಮಾಡ್ತಾರೆ. ಅಲ್ಲೇ ಎಡವೋದು. ಇದು ಬತ್ತಿಯ ಕೆಲಸ ಕಣ್ರೀ,” ಎನ್ನುತ್ತಾರೆ ಮೇಡಂ.

ಬತ್ತಿ ಸಣ್ಣದಾದರೆ ನಡುವೆ ಮಾತ್ರ ಕರಗಿ, ಬಾವಿ ತೋಡಿದಂತೆ ಕೆಳಗಿಳಿಯುತ್ತದೆ. ಸುತ್ತಲಿನ ಮೇಣ ಹಾಗೇ ನಿಂತು, ಕೊನೆಗೆ ಜ್ವಾಲೆ ತನ್ನದೇ ಮೇಣದಲ್ಲಿ ಮುಳುಗಿ ಆರುತ್ತದೆ. ದೊಡ್ಡದಾದರೆ ಜ್ವಾಲೆ ಕುಣಿಯುತ್ತದೆ, ಮಸಿ ಕಾರುತ್ತದೆ, ಗಾಜು ಮುಟ್ಟಲಾಗದಷ್ಟು ಕಾಯುತ್ತದೆ. ಏಳು ಸೆಂಟಿಮೀಟರ್ ಅಗಲದ ಲೋಟದಲ್ಲಿ ಹಚ್ಚಿದ ಸುಮಾರು ಮೂರು ಗಂಟೆಯೊಳಗೆ ಮೇಲ್ಪದರ ಅಂಚಿನಿಂದ ಅಂಚಿಗೆ ಕರಗಿರಬೇಕು, ಆಳ ಒಂದು ಸೆಂಟಿಮೀಟರ್ ಮೀರಬಾರದು. ಪರಿಮಳ ಹೊಮ್ಮುವುದು ಆ ಕರಗಿದ ಕೊಳದಿಂದ. ಕೊಳ ಕಿರಿದಾದರೆ ಎಷ್ಟು ದುಬಾರಿ ಎಣ್ಣೆ ಸುರಿದರೂ ಕೋಣೆಗೆ ವಾಸನೆ ಹಬ್ಬದು. ತಲೆನೋವೆಂದರೆ, ಮಲ್ಲಿಗೆಗೆ ಒಗ್ಗಿದ ಬತ್ತಿ ಅದೇ ಲೋಟದ ಲಾವಂಚಕ್ಕೆ ಒಗ್ಗುವುದಿಲ್ಲ. ಎಣ್ಣೆ ಬದಲಾದರೆ ಪರೀಕ್ಷೆ ಮತ್ತೆ ಮೊದಲಿಂದ.

ದೇವರ ಮನೆಯ ಹೂಬತ್ತಿಯನ್ನೇ ಇಟ್ಟರಾಗದೇ ಎಂದು ಕೇಳಿದೆ. ಎಣ್ಣೆ ದೀಪದಲ್ಲಿ ಬತ್ತಿಗೆ ಹಣತೆಯ ಆಸರೆ ಇದೆ, ಇಲ್ಲಿ ಇಲ್ಲ. ಸುತ್ತ ಮೇಣ ಕರಗಿದೊಡನೆ ಮೆತ್ತನೆಯ ಹತ್ತಿ ಬಾಗಿ ಬಿದ್ದುಬಿಡುತ್ತದೆ. ಅದಕ್ಕೇ ಹೆಣೆದ ಹತ್ತಿ ನೂಲಿಗೆ ಮೊದಲೇ ಮೇಣ ಕುಡಿಸಿ, ಬುಡಕ್ಕೆ ತಗಡಿನ ಬಿಲ್ಲೆ ಕಚ್ಚಿಸಿರುತ್ತಾರೆ. ಹೆಣಿಗೆಯಲ್ಲೇ ಗುಟ್ಟಿದೆ. 1825ರಲ್ಲಿ ಫ್ರಾನ್ಸಿನ ಕಾಂಬಾಸೆರೆಸ್ ಎಂಬಾತ ನೂಲನ್ನು ಹೊಸೆಯುವ ಬದಲು ಜಡೆಯಂತೆ ಹೆಣೆದ. ಜಡೆಬತ್ತಿ ಉರಿಯುತ್ತ ಒಂದು ಬದಿಗೆ ಬಾಗುತ್ತದೆ. ಜ್ವಾಲೆಯ ನಡುಭಾಗದಲ್ಲಿ ಆಮ್ಲಜನಕ ಸಾಲದು; ಬಾಗಿದ ತುದಿ ಹೊರ ಅಂಚಿನ ಬಿಸಿಗೆ ತಾಗಿ ತಾನೇ ಸುಟ್ಟು ಬೂದಿಯಾಗುತ್ತದೆ. ಅದಕ್ಕೂ ಮೊದಲು ಕತ್ತರಿ ಹಿಡಿದು ಆಗಾಗ ಕುಡಿ ಕತ್ತರಿಸುತ್ತಲೇ ಇರಬೇಕಿತ್ತು. ಸುಗಂಧದ ಎಣ್ಣೆ ಹೆಚ್ಚಾದರೆ ಮಾತ್ರ ಈ ಉಪಾಯವೂ ಸೋತು ತುದಿಯಲ್ಲಿ ಇಂಗಾಲದ ಗಂಟು ಕಟ್ಟುತ್ತದೆ. ನೋಟ್‌ಬುಕ್ಕಿನ ‘ಅಣಬೆ’ ಅದೇ.

ಉಳಿದ ಚರಿತ್ರೆಯನ್ನು ಮೇಡಂ ಒಂದೇ ಉಸಿರಿಗೆ ಮುಗಿಸಿದರು. ಮೊದಲು ಪ್ರಾಣಿಗಳ ಕೊಬ್ಬು ಮತ್ತು ಜೇನುಮೇಣ, 19ನೇ ಶತಮಾನದಲ್ಲಿ ಪೆಟ್ರೋಲಿಯಂ ಮೂಲದ ಪ್ಯಾರಾಫಿನ್, 1990ರ ದಶಕದಲ್ಲಿ ಅಮೆರಿಕದ ಅಯೋವಾದಿಂದ ಸೋಯಾ ಮೇಣ. ಅವರ ಮನಸ್ಸಿದ್ದದ್ದು ಮೈಕೆಲ್ ಫ್ಯಾರಡೆಯ ಮೇಲೆ. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆತ ಮಕ್ಕಳಿಗೆಂದು ಬರೀ ಮೇಣದಬತ್ತಿಯ ಮೇಲೆ ಆರು ಉಪನ್ಯಾಸ ಕೊಟ್ಟ. ಆ ಪ್ರಯೋಗಗಳಲ್ಲಿ ಒಂದನ್ನು ಮೇಡಂ ನನ್ನೆದುರೇ ಮಾಡಿದರು. ಉರಿಯುವ ಬತ್ತಿಯನ್ನು ಉಫ್ ಎಂದು ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಬತ್ತಿಯಿಂದ ಎರಡು ಬೆರಳು ಮೇಲೆ ಕಡ್ಡಿ ತೋರಿಸಿದರು. ಬೆಂಕಿ ಹೊಗೆಯ ಎಳೆ ಹಿಡಿದು ಸರಕ್ಕನೆ ಕೆಳಗಿಳಿದು ಬತ್ತಿಗೆ ಹತ್ತಿಕೊಂಡಿತು. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

“ಬಾಯಲ್ಲಿ ಊದಿ ದೀಪ ಆರಿಸ್ಬೇಡ್ವೇ, ಎಷ್ಟು ಸಲ ಹೇಳ್ಬೇಕು ನಿಂಗೆ,” ಎಂದು ಹಾಲ್‌ನಿಂದ ಅತ್ತೆಯವರ ದನಿ ಬಂತು. ತೊಂಬತ್ತರ ಹತ್ತಿರದ ಹಿರಿಯರು, ಕಿವಿ ಚುರುಕಾಗಿದೆ. ದಿನನಿತ್ಯ ಅವರ ಮಾತೇ ನಡೆಯುವುದು: ಕೊಕ್ಕೆ ತಂತಿಯಿಂದ ಬತ್ತಿಯನ್ನು ಕರಗಿದ ಮೇಣಕ್ಕೆ ಬಾಗಿಸಿ ಮತ್ತೆ ನೆಟ್ಟಗೆ ನಿಲ್ಲಿಸಿದರೆ ಹೊಗೆಯಿಲ್ಲದೆ ಆರುತ್ತದೆ. ಊದಿದಾಗಿನ ಕಮಟು ವಾಸನೆಯೂ ಇಲ್ಲ. ಅತ್ತೆಯ ಶಾಸ್ತ್ರ, ಸೊಸೆಯ ಕೆಮಿಸ್ಟ್ರಿ ಎರಡೂ ಇಲ್ಲಿ ರಾಜಿಯಾಗಿವೆ.

ಇನ್ನು ಮಾಡುವ ಬಗೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಚಿಕ್ಕ ಪಾತ್ರೆಯಲ್ಲಿ ಮೇಣ. ನೇರ ಉರಿಗೆ ಇಡಲೇಬಾರದು. ಥರ್ಮಾಮೀಟರ್ ಇಲ್ಲದೆ ಕೈಹಾಕಬೇಡಿ. 200 ಮಿಲಿಲೀಟರ್ ಲೋಟಕ್ಕೆ ಸುಮಾರು 170 ಗ್ರಾಂ ಸೋಯಾ ಮೇಣ ಹಿಡಿಯುತ್ತದೆ. 80 ಡಿಗ್ರಿ ದಾಟಿದ ಮೇಲೆ ಮೇಣದ ತೂಕದ ಶೇ 8ರಷ್ಟು, ಅಂದರೆ ಹದಿಮೂರು-ಹದಿನಾಲ್ಕು ಗ್ರಾಂ ಸುಗಂಧದ ಎಣ್ಣೆ ಹಾಕಿ ಎರಡು ನಿಮಿಷ ನಿಧಾನವಾಗಿ ಕಲಕಿ, 60ರ ಆಸುಪಾಸಿಗೆ ಇಳಿದಾಗ ಎರೆಯಬೇಕು. ಮರುದಿನವೇ ಹಚ್ಚುವ ಆತುರ ಬೇಡ. ಒಂದೆರಡು ವಾರ ಮುಚ್ಚಿಟ್ಟರೇ ಸೋಯಾದಲ್ಲಿ ಪರಿಮಳ ಕೂರುವುದು. ಮೈಗೆ ಹಾಕುವ ಸೆಂಟು ಸುರಿಯಬಾರದು, ಅದರಲ್ಲಿರುವುದು ಆಲ್ಕೋಹಾಲ್. ಬಣ್ಣಕ್ಕೆ ಅರಿಸಿನ, ಕುಂಕುಮ, ಕ್ರೆಯಾನ್ ಹಾಕಿದರೆ ಪುಡಿ ಬತ್ತಿಯ ದಾರಿ ಕಟ್ಟುತ್ತದೆ. ಮೇಲೆ ಒಣ ಹೂವಿನೆಸಳು ಉದುರಿಸಿದ ಚಿತ್ರಗಳು ಮೊಬೈಲಿನಲ್ಲಿ ಚೆಂದ ಕಾಣುತ್ತವೆ, ಹಚ್ಚಿದರೆ ಎಸಳಿಗೇ ಬೆಂಕಿ. ಮೇಣ ಹೊತ್ತಿಕೊಂಡರೆ ನೀರು ಹಾಕದೆ ಒಲೆ ಆರಿಸಿ ಮುಚ್ಚಳ ಮುಚ್ಚಿ. ಉಳಿದದ್ದನ್ನು ಸಿಂಕಿಗೆ ಸುರಿದರೆ ಪ್ಲಂಬರನ್ನು ಕರೆಸಬೇಕಾದೀತು.

ಶ್ರೀಗಂಧದ ಊರಿನಲ್ಲಿ ಶ್ರೀಗಂಧದ ಮೇಣದಬತ್ತಿ ಏಕಿಲ್ಲ ಎಂಬುದು ನನ್ನ ಮುಂದಿನ ಪ್ರಶ್ನೆಯಾಗಿತ್ತು. ಅಪ್ಪಟ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. ಅಂಗಡಿಯಲ್ಲಿ ‘ಸ್ಯಾಂಡಲ್’ ಎಂದು ಸಿಗುವ ಅಗ್ಗದ ಬತ್ತಿಯಲ್ಲಿರುವುದು ಕೃತಕ ಸುವಾಸನೆ. ಮೇಡಂಗೆ ಅದರ ಬಗ್ಗೆ ಮಡಿ ಏನಿಲ್ಲ, ಚೀಟಿಯ ಮೇಲೆ ಹಾಗೆಂದು ಬರೆಯಲಿ ಅಷ್ಟೆ ಎನ್ನುತ್ತಾರೆ. ‘ಸೋಯಾ’ ಎಂದು ಬರೆದ ಮೇಣಕ್ಕೆ ಪ್ಯಾರಾಫಿನ್ ಬೆರೆಸುವುದೂ ಉಂಟು. ಬೀದರ್, ಬೆಳಗಾವಿ, ಧಾರವಾಡದ ಹೊಲಗಳಲ್ಲಿ ಸೋಯಾ ಅವರೆ ಬೆಳೆಯುತ್ತದೆ. ಆದರೆ ಅವರ ಅಡುಗೆಮನೆಯ ಮೂಲೆಯ ಮೇಣದ ಚೀಲ ಅಮೆರಿಕದ್ದು. ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ಏರಿತು. ನನಗೂ ಸರಿಯೆನಿಸಿತು.

ಬೇಸಿಗೆಯದು ಬೇರೆಯೇ ಕಥೆ. ಲೋಟಕ್ಕೆ ಎರೆಯುವ ಮೆದು ಸೋಯಾ ಮೇಣ 50 ಡಿಗ್ರಿಯ ಹತ್ತಿರ ಕರಗುವಂಥದ್ದು. ಏಪ್ರಿಲ್-ಮೇನಲ್ಲಿ ಕಲಬುರ್ಗಿ, ರಾಯಚೂರಿನ ಬಿಸಿಲಿಗೆ ಕೊರಿಯರ್ ವ್ಯಾನಿನೊಳಗೆ ಅದು ಬೆವರಿ, ಎಣ್ಣೆ ಹನಿ ಬಿಟ್ಟು, ಓರೆಯಾಗುತ್ತದೆ. 62 ಡಿಗ್ರಿ ದಾಟಿ ಕರಗುವ ಜೇನುಮೇಣ ಒಂದಿಷ್ಟು ಬೆರೆಸಿದರೆ ತಡೆಯುತ್ತದೆ. ಮೇಡಂ ಅದನ್ನು ಶಿರಸಿ ಕಡೆಯ ಜೇನು ಸಾಕಣೆಯವರಿಂದ ತರಿಸುತ್ತಾರೆ. ಸೋಯಾ ಮೇಣದ ಮೇಲೆ ಚಳಿಗಾಲದಲ್ಲಿ ಮೂಡುವ ಬಿಳಿ ಹರಳಿನ ಪೊರೆಯನ್ನು ಬೂಷ್ಟು ಎಂದುಕೊಂಡು ವಾಪಸು ತಂದವರೂ ಇದ್ದಾರಂತೆ. ಅದು ಮೇಣದ ಸ್ವಭಾವ, ಕೆಡುಕಲ್ಲ.

ಮದುವೆ ಮನೆಗಳಿಂದ ತಾಂಬೂಲದ ಜೊತೆ ಕೊಡಲು ನೂರಿನ್ನೂರು ಬೇಕೆಂಬ ಬೇಡಿಕೆ ಬರುತ್ತದೆ, ಅದೂ ವಾರದೊಳಗೆ. ಮೇಡಂ ಒಪ್ಪುವುದಿಲ್ಲ. ಎರಡು ವಾರ ಕಾಯದ ಬತ್ತಿಗೆ ತಮ್ಮ ಹೆಸರು ಬೇಡ ಎಂಬ ಹಟ. ಇದರಿಂದ ಹವ್ಯಾಸ ಹವ್ಯಾಸವಾಗಿಯೇ ಉಳಿದಿದೆ, ಖರ್ಚು ಮಾತ್ರ ಪಿಂಚಣಿಯದು. ಕಲಿಯಲು ಬಂದ ಹುಡುಗಿಯರು ಸುಗಂಧದ ಶೀಸೆಗಳ ಫೋಟೊ ತೆಗೆದುಕೊಂಡು ಹೋದರು. ನೋಟ್‌ಬುಕ್ ಕೇಳಿದವರು ಈವರೆಗೆ ಇಲ್ಲ.

ಮನೆಯಲ್ಲಿ ಮಾಡಿ ನೋಡುವ ಆಸೆಯಿದ್ದರೆ ಅವರ ಸಲಹೆ ಇಷ್ಟೇ. ಒಂದೇ ಅಳತೆಯ ಲೋಟ, ಒಂದೇ ಮೇಣ, ಮೂರು ಬೇರೆ ನಂಬರಿನ ಬತ್ತಿ ತನ್ನಿ. ಪರಿಮಳವಿಲ್ಲದೆ ಎರೆದು, ಮೂರು ಗಂಟೆ ಉರಿಸಿ, ಕಂಡದ್ದನ್ನು ಬರೆದಿಡಿ. ಮಲ್ಲಿಗೆಯ ಶೀಸೆ ಆಮೇಲೆ ಕೊಳ್ಳಿ.