ಅಪ್ಪನ ಸಂವತ್ಸರ, ಕಂಪ್ಯೂಟರಿನ ಶೇಷ



ಮೈಕಿನ ಮುಂದೆ ಕೂತು ಗಂಟೆ ಹೇಳುವುದು ನನ್ನ ಉದ್ಯೋಗ. ರೈಲ್ವೆ ವೇಳಾಪಟ್ಟಿಯಲ್ಲಿ 21.15 ಎಂದಿದ್ದರೆ ನಾನೂ ನೀವೂ ಅದನ್ನು ರಾತ್ರಿ ಒಂಬತ್ತೂಕಾಲು ಎನ್ನುತ್ತೇವೆ. 21ರಲ್ಲಿ 12 ಹೋದರೆ ಉಳಿದದ್ದು 9. ಇದನ್ನೇ ಕಂಪ್ಯೂಟರಿಗೆ ಹೇಳಬೇಕಾದರೆ 21 % 12 ಎಂದು ಬರೆಯಬೇಕು. ಈ % ಚಿಹ್ನೆ ಇಲ್ಲಿ ಶೇಕಡಾ ಅಲ್ಲ, ಬಡ್ಡಿಯ ದರವೂ ಅಲ್ಲ. ನಾಲ್ಕನೇ ಕ್ಲಾಸಿನ ಭಾಗಾಕಾರದಲ್ಲಿ ಕೊನೆಗೆ ಕೆಳಗೆ ಉಳಿಯುತ್ತಿತ್ತಲ್ಲ, ಆ ಶೇಷ. ಭಾಗಲಬ್ಧವನ್ನು ಬಿಟ್ಟು ಶೇಷವನ್ನಷ್ಟೇ ಕೊಡು ಎಂಬ ಆಜ್ಞೆ ಅದು.

ಕನ್ನಡ ಬಿ.ಎ. ಮಾಡಿದವಳಿಗೆ ಇದೆಲ್ಲ ಯಾಕೆ ಬೇಕಾಯಿತು ಎಂದು ಕೇಳುತ್ತೀರಿ. ಬೇಕಾದದ್ದು ಅಪ್ಪನ ಷಷ್ಟಿಪೂರ್ತಿಗೆ. ಅಪ್ಪ ಹುಟ್ಟಿದ್ದು 1966ರ ಫೆಬ್ರವರಿ, ಮಾಘ ಮಾಸ. ಜಾತಕ ಊರಲ್ಲೇ ಉಳಿದಿತ್ತು. ಹುಟ್ಟಿದ ಸಂವತ್ಸರ ಯಾವುದು ಎಂದು ಪುರೋಹಿತರು ಕೇಳಿದಾಗ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನಮ್ಮ ಬಿಲ್ಡಿಂಗಿನ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ನನಗೆ ಪೈಥಾನ್ ಕಲಿಸುತ್ತಿದ್ದ. "ಅಕ್ಕಾ, ಪಂಚಾಂಗ ಯಾಕೆ, ನಾವೇ ಪ್ರೋಗ್ರಾಂ ಬರೆಯೋಣ" ಎಂದ.

ಸಂವತ್ಸರಗಳು 60. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿದು ಮತ್ತೆ ಪ್ರಭವಕ್ಕೇ ಬರುತ್ತವೆ. 60 ತುಂಬಿದವರಿಗೆ ಹುಟ್ಟಿದ ಸಂವತ್ಸರವೇ ಮರಳಿ ಬರುವುದರಿಂದಲೇ ಷಷ್ಟಿಪೂರ್ತಿಗೆ ಅಷ್ಟು ಮಹತ್ವ. ಹೀಗೆ ಸುತ್ತಿ ಬರುವ ಲೆಕ್ಕ ಎಲ್ಲಿದೆಯೋ ಅಲ್ಲಿ ಶೇಷಕ್ಕೆ ಕೆಲಸ. 1987ರ ಯುಗಾದಿಗೆ ಪ್ರಭವ ಬಂದಿತ್ತು. ಆದ್ದರಿಂದ ಅರವತ್ತು ಹೆಸರುಗಳ ಪಟ್ಟಿ ಮಾಡಿ, (ವರ್ಷ − 1987) % 60 ಎಂದು ಬರೆದರೆ ಮುಗಿಯಿತು. ಕಂಪ್ಯೂಟರು ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತದೆ: ಪ್ರಭವ 0, ವಿಭವ 1, ಕೊನೆಯ ಅಕ್ಷಯ 59. 2025ನ್ನು ಹಾಕಿ ನೋಡಿ, ಶೇಷ 38. ಆ ಜಾಗದಲ್ಲಿರುವುದು ವಿಶ್ವಾವಸು. ಸರಿಯಾಗಿದೆ.

1966 ಹಾಕಿದೆವು, ಪರಾಭವ ಎಂದಿತು. ಆ ಮಾತು ನಂಬಿದ್ದರೆ ಷಷ್ಟಿಪೂರ್ತಿ 2027ರ ಮಾಘಕ್ಕೆ ಹೋಗಿ ಒಂದು ವರ್ಷ ತಡವಾಗುತ್ತಿತ್ತು. ತಪ್ಪು ಹಿಡಿದದ್ದು ಕಂಪ್ಯೂಟರ್ ಮುಟ್ಟದ ಅಮ್ಮ. "ಮಾಘದಲ್ಲಿ ಹುಟ್ಟಿದವರು ಆ ವರ್ಷದ ಯುಗಾದಿಗಿಂತ ಮುಂಚಿನವರಲ್ಲವೇನೇ?" ಎಂದರು. ಹೌದಲ್ಲ! ಜನವರಿಯಿಂದ ಯುಗಾದಿಯವರೆಗೆ ಹುಟ್ಟಿದವರಿಗೆ ಹಿಂದಿನ ವರ್ಷದ ಸಂಖ್ಯೆ ಹಾಕಬೇಕು. 1965 ಹಾಕಿದಾಗ ವಿಶ್ವಾವಸು ಬಂತು.

ಹುಡುಗ ಇದನ್ನೇ ಕಾಲೇಜಿನಲ್ಲಿ ಕಲಿತ ಸಿ ಭಾಷೆಯಲ್ಲಿ ಬರೆದ. ಅಲ್ಲಿ ಬೇರೆಯೇ ಫಜೀತಿ. 1965ರಲ್ಲಿ 1987 ಕಳೆದರೆ −22. ಪೈಥಾನ್ ಇದರ ಶೇಷವನ್ನು 38 ಎನ್ನುತ್ತದೆ. ಸಿ ಭಾಷೆ −22 ಎಂದೇ ಹೇಳುತ್ತದೆ. ಪಟ್ಟಿಯಲ್ಲಿ −22ನೇ ಜಾಗ ಎಲ್ಲಿಂದ ಬರಬೇಕು? ಹೆಸರಿನ ಬದಲು ಏನೇನೋ ಕಸ ಬಂತು. ಎರಡು ಭಾಷೆಗಳೂ ತಮ್ಮ ತಮ್ಮ ನಿಯಮದಂತೆ ಸರಿಯೇ. ಭಾಗಲಬ್ಧವನ್ನು ಸಿ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಕೆಳಗಿನ ಕಡೆಗೆ ಇಳಿಸುತ್ತದೆ, ಅದಕ್ಕೇ ಶೇಷ ಬೇರೆಯಾಗುತ್ತದೆ. ಉಪಾಯ ಸುಲಭ: ಬಂದ ಶೇಷಕ್ಕೆ 60 ಕೂಡಿಸಿ, ಇನ್ನೊಮ್ಮೆ % 60 ಮಾಡಿ. −22 ಇದ್ದದ್ದು 38 ಆಗುತ್ತದೆ. ಮೊದಲೇ ಸರಿ ಇದ್ದ ಶೇಷಕ್ಕೆ ಇದರಿಂದ ಏನೂ ಆಗದು.

ಹಿರಿಯರು ಇದನ್ನು ಕಾಗದದಲ್ಲೇ ಮಾಡುತ್ತಿದ್ದರು. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶಕ 1887 ಹಾಕಿ ನೋಡಿ, 39 ಉಳಿಯುತ್ತದೆ, ಒಂದರಿಂದ ಎಣಿಸಿದರೆ ವಿಶ್ವಾವಸು. ಶೇಷ ಸೊನ್ನೆ ಬಂದರೆ ಮಾತ್ರ 60 ಎಂದು ಓದಬೇಕು. ಗಡಿಯಾರದಲ್ಲೂ ಅಷ್ಟೇ: ಮಧ್ಯಾಹ್ನದ 12 % 12 ಸೊನ್ನೆ, ಆದರೆ "ಈಗ ಸಮಯ ಸೊನ್ನೆ ಗಂಟೆ" ಎಂದು ನಾನು ಹೇಳಿದರೆ ನೀವು ಬಿಡುತ್ತೀರಾ? ಶೇಷದ ಲೆಕ್ಕಗಳು ನಮ್ಮವರಿಗೆ ಹಳೆಯ ನಂಟು. ಬಿ.ಎ.ಯಲ್ಲಿ ಅಮೋಘವರ್ಷ ನೃಪತುಂಗನನ್ನು ಕವಿರಾಜಮಾರ್ಗಕ್ಕಾಗಿ ಓದಿದ್ದೆ. ಅವನ ಕಾಲದಲ್ಲೇ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಶೇಷ ಹಿಡಿದು ಮೂಲ ಸಂಖ್ಯೆ ಹುಡುಕುವ ಲೆಕ್ಕಗಳನ್ನು ಕೊಟ್ಟಿದ್ದಾನೆ ಎಂದು ಆಗ ಯಾರೂ ಹೇಳಿರಲಿಲ್ಲ.

ನೀವೂ ಬರೆದು ನೋಡಿ. 1986ರ ಆಗಸ್ಟಿನಲ್ಲಿ ಹುಟ್ಟಿದವರೊಬ್ಬರನ್ನು ಮೊದಲು ಪರೀಕ್ಷೆಗೆ ಹಾಕಿ, ಅಕ್ಷಯ ಎಂದು ಬರಬೇಕು. ನಿಮ್ಮ ಮರಾಠಿ ನೆರೆಯವರಿಗೂ ಇದೇ ಪಟ್ಟಿ ಸಾಕು, ಗುಡಿ ಪಾಡವಾ ನಮ್ಮ ಯುಗಾದಿಯ ದಿನವೇ. ಉತ್ತರ ಭಾರತದವರ ಲೆಕ್ಕ ಬೇರೆ, ಅವರಿಗೆ ಇದನ್ನು ಹೇಳಲು ಹೋಗಬೇಡಿ. ತುಳುವರಿಗೆ ಸೌರಮಾನ, ಬಿಸು ಬರುವುದು ಏಪ್ರಿಲ್ ಮಧ್ಯದಲ್ಲಿ; ನಮ್ಮ ಚಾಂದ್ರಮಾನ ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಆ ತಾರೀಖು % ಚಿಹ್ನೆಯೊಂದರಿಂದ ಸಿಗುವುದಿಲ್ಲ, ಅದಕ್ಕೆ ಪಂಚಾಂಗವನ್ನೇ ತೆರೆಯಬೇಕು.