ಮೂರ್ಛೆರೋಗದ ಮಾತ್ರೆ ಮತ್ತು ಕೇಂದ್ರ ನರವ್ಯೂಹ – ಸಾರ್ವಜನಿಕರಿಗೆ ಮಾಹಿತಿ

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ಪ್ರತಿ ವರ್ಷ ಬನದ ಹುಣ್ಣಿಮೆಯಂದು ಶ್ರೀ ಬನಶಂಕರಿ ದೇವಿಯ ರಥೋತ್ಸವ ಜರುಗುತ್ತದೆ. ಜಾತ್ರೆಯ ದಿನಗಳಲ್ಲಿ ನಾಟಕ ಕಂಪನಿಗಳ ಪ್ರದರ್ಶನಗಳು ತಡರಾತ್ರಿಯವರೆಗೂ ನಡೆಯುವುದು ವಾಡಿಕೆ. ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ನಿದ್ರೆಗೇಡು, ಮಾತ್ರೆ ತಪ್ಪುವಿಕೆ ಹಾಗೂ ಮದ್ಯಪಾನ ಈ ಮೂರೂ ಫಿಟ್ಸ್ ಮರುಕಳಿಸಲು ಕಾರಣವಾಗಬಹುದು.

ಔಷಧವು ಕಾರ್ಯನಿರ್ವಹಿಸುವ ಬಗೆ

ಮಿದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರವ್ಯೂಹ ಎನಿಸುತ್ತದೆ. ಇಲ್ಲಿನ ನರಕೋಶಗಳನ್ನು ಗ್ಲುಟಮೇಟ್ ಎಂಬ ರಾಸಾಯನಿಕವು ಉದ್ರೇಕಿಸುತ್ತದೆ. ಗಾಬಾ ಎಂಬುದು ಶಮನಗೊಳಿಸುತ್ತದೆ. ಈ ಸಮತೋಲನ ತಪ್ಪಿ ಅಸಂಖ್ಯಾತ ನರಕೋಶಗಳು ಏಕಕಾಲಕ್ಕೆ ಉದ್ರೇಕಗೊಂಡಾಗ ಫಿಟ್ಸ್ ಉಂಟಾಗುತ್ತದೆ. ಫಿನೋಬಾರ್ಬಿಟೋನ್ ಮಾತ್ರೆಯು ಗಾಬಾದ ಶಮನಕಾರ್ಯವನ್ನು ಹೆಚ್ಚಿಸುತ್ತದೆ. ಫಿನಿಟಾಯಿನ್ ಮಾತ್ರೆಯು ನರಕೋಶದೊಳಗೆ ಸೋಡಿಯಂ ಪ್ರವೇಶಿಸುವ ದ್ವಾರಗಳನ್ನು ತಡೆದು, ಸಂಕೇತಗಳು ಮೇಲಿಂದ ಮೇಲೆ ಹೊಮ್ಮದಂತೆ ಮಾಡುತ್ತದೆ.

ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬಾರದು, ಏಕೆ?

ಹಲವು ತಿಂಗಳು ಫಿನೋಬಾರ್ಬಿಟೋನ್ ಸೇವಿಸಿದಾಗ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಔಷಧ ಒಮ್ಮೆಲೇ ನಿಂತರೆ ಶಮನಶಕ್ತಿ ಕುಗ್ಗಿ, ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಬಹುದು. ಫಿಟ್ಸ್ ಬಾರದಿರುವುದು ರೋಗ ವಾಸಿಯಾದುದರ ಗುರುತೇ ಆಗಿರಬೇಕೆಂದಿಲ್ಲ. ಅದು ಮಾತ್ರೆಯ ಫಲವೂ ಆಗಿರಬಹುದು. ಪ್ರಮಾಣವನ್ನು ವೈದ್ಯರ ಸಲಹೆಯಂತೆ ಕ್ರಮೇಣ ಮಾತ್ರ ತಗ್ಗಿಸತಕ್ಕದ್ದು. ಗರ್ಭಿಣಿಯರೂ ಸ್ವತಃ ಮಾತ್ರೆ ನಿಲ್ಲಿಸದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಮದ್ಯವೂ ಗಾಬಾದ ಕಾರ್ಯವನ್ನು ಹೆಚ್ಚಿಸುವುದರಿಂದ, ಫಿನೋಬಾರ್ಬಿಟೋನ್ ಜೊತೆ ಸೇರಿದಾಗ ಉಸಿರಾಟ ಕುಂಠಿತವಾಗುವ ಅಪಾಯವಿದೆ. ಮದ್ಯದ ಅಮಲು ಇಳಿಯುವಾಗ ಫಿಟ್ಸ್ ಬರುವ ಸಾಧ್ಯತೆಯೂ ಇರುತ್ತದೆ.

ಫಿಟ್ಸ್ ಬಂದಾಗ ಅನುಸರಿಸಬೇಕಾದ ಕ್ರಮಗಳು

1. ಸುತ್ತಲಿನ ಜನರನ್ನು ಸರಿಸಿ, ತಲೆಗೆ ಪೆಟ್ಟಾಗದಂತೆ ಮೆತ್ತನೆಯ ಬಟ್ಟೆ ಇಡುವುದು.
2. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸುವುದು.
3. ಕೈಕಾಲು ಅದುಮದಿರುವುದು, ಬಾಯಿಗೆ ಚಮಚ ಅಥವಾ ನೀರು ಹಾಕದಿರುವುದು.
4. ಕೈಗೆ ಕಬ್ಬಿಣ ಕೊಡುವುದರಿಂದ, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ.
5. ಫಿಟ್ಸ್ 5 ನಿಮಿಷ ಮೀರಿದರೆ ಅಥವಾ ಪ್ರಜ್ಞೆ ಮರಳುವ ಮುನ್ನ ಮತ್ತೆ ಬಂದರೆ 108ಕ್ಕೆ ಕರೆ ಮಾಡುವುದು.

ಚಿಕಿತ್ಸಾ ಸೌಲಭ್ಯ

ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮೂರ್ಛೆರೋಗದ ಚಿಕಿತ್ಸೆಯಲ್ಲಿಯೂ ತರಬೇತಿ ನೀಡಲಾಯಿತು. ಈ ಮಾದರಿಯು ಮುಂದೆ ದೇಶದ ಇತರೆ ಜಿಲ್ಲೆಗಳಿಗೂ ವಿಸ್ತರಿಸಿತು. ಆದುದರಿಂದ ರೋಗವನ್ನು ಮುಚ್ಚಿಡದೆ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಜಾತ್ರೆಗೆ ಹೊರಡುವವರು ತಂಗುವ ದಿನಗಳಿಗೆ ಸಾಕಾಗುವಷ್ಟು ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ತಮ್ಮೊಂದಿಗೆ ಒಯ್ಯಲು ಕೋರಲಾಗಿದೆ.